ಟಿವಿಯಲ್ಲಿ ಹಾಕಿ ಕಾಮೆಂಟರಿ: ಮೈಸೂರು ಕಡೆಯ ಅಭಿಮಾನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಹಾಕಿ ನೋಡುವವರು ಕ್ರಿಕೆಟ್ ನೋಡುವವರಷ್ಟು ಜನ ಇಲ್ಲ. ಆದರೆ ಇರುವವರು ಗಟ್ಟಿ ಆಸಾಮಿಗಳು. ಕೊಡಗಿನಿಂದ ಓದಲು, ಕೆಲಸಕ್ಕೆ ಅಂತ ಬಂದು ಇಲ್ಲೇ ಮನೆ ಮಾಡಿದವರು, ಕ್ರೀಡಾ ಹಾಸ್ಟೆಲ್ಲಿನಲ್ಲಿ ಬೆಳೆದವರು, ಕಾಲೇಜಿನಲ್ಲಿ ಸ್ಟಿಕ್ ಹಿಡಿದು ಈಗ ಬ್ಯಾಂಕಿನ ಕೌಂಟರಿನಲ್ಲಿ ಕೂತವರು, ಮಂಡ್ಯದಿಂದ ರೈಲು ಹತ್ತಿ ಬರುವ ಒಂದಿಬ್ಬರು. ದೊಡ್ಡ ಮ್ಯಾಚ್ ಇದ್ದಾಗ ಯಾರದ್ದಾದರೂ ಮನೆಯ ಹಾಲಿನಲ್ಲಿ ಸೇರುತ್ತೇವೆ. ಆಟದ ಬಗ್ಗೆ ಎಷ್ಟು ಮಾತೋ, ಆಟ ಹೇಳುವವರ ಬಗ್ಗೆ ಅಷ್ಟೇ ಜಗಳ. ಅಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳು ಇವು. ಉತ್ತರಗಳಲ್ಲಿ ಪಕ್ಷಪಾತ ಇದೆ, ಅದು ನನ್ನದೇ.

ಕಾಮೆಂಟೇಟರ್ ಒಳ್ಳೆಯವರೋ ಅಲ್ಲವೋ ಅಂತ ಹೇಗೆ ಗೊತ್ತಾಗುತ್ತದೆ?

ಒಂದೇ ಪರೀಕ್ಷೆ ಸಾಕು. ಅಂಪೈರ್ ಸೀಟಿ ಊದಿದ ಮೇಲೆ ಮನೆಯಲ್ಲಿ ಯಾರಾದರೂ "ಯಾಕೆ ಊದಿದ?" ಅಂತ ಕೇಳಬೇಕಾಯಿತಾ? ಕೇಳಬೇಕಾದರೆ ಕಾಮೆಂಟೇಟರ್ ಕೆಲಸ ಮಾಡಿಲ್ಲ ಅಂತ ಅರ್ಥ.

ಕ್ರಿಕೆಟ್ಟಿನಲ್ಲಿ ಸ್ಟಂಪ್ ಹಾರಿದ್ದು ಎಲ್ಲರಿಗೂ ಕಾಣುತ್ತದೆ. ಫುಟ್‌ಬಾಲಿನಲ್ಲಿ ಬಿದ್ದವನು ಹೊರಳಾಡುತ್ತಾನೆ, ಫೌಲ್ ಅಂತ ಗೊತ್ತಾಗುತ್ತದೆ. ಹಾಕಿಯಲ್ಲಿ ಚೆಂಡು ಸಣ್ಣದು, ವೇಗ ಜಾಸ್ತಿ, ಡಿ (ಗೋಲ್ ಮುಂದಿನ ಅರ್ಧವೃತ್ತ) ಒಳಗೆ ಕಾಲುಗಳು ಸ್ಟಿಕ್ಕುಗಳು ಎಲ್ಲ ಒಟ್ಟಿಗೆ ಸಿಕ್ಕಿಕೊಂಡಿರುತ್ತವೆ. ಕಾಲಿಗೆ ತಾಗಿತಾ? ಸ್ಟಿಕ್ಕಿನ ಹಿಂಬದಿಯಲ್ಲಿ ಹೊಡೆದನಾ? ಮೈ ಅಡ್ಡ ಕೊಟ್ಟನಾ? ಫ್ರೀ ಹಿಟ್‌ಗೆ ಐದು ಮೀಟರ್ ದೂರ ನಿಲ್ಲಲಿಲ್ಲವಾ? ಸೀಟಿ ಒಂದೇ, ಕಾರಣ ಹತ್ತು. ಅಂಪೈರ್ ಸನ್ನೆ ಮಾಡಿಯೇ ಮಾಡುತ್ತಾರೆ. ಒಂದು ಕಾಲು ಸ್ವಲ್ಪ ಎತ್ತಿ ಪಾದದ ಹತ್ತಿರ ಕೈ ಮುಟ್ಟಿಸಿದರೆ ಫೂಟ್, ಅಂದರೆ ಚೆಂಡು ಕಾಲಿಗೆ ತಾಗಿತು. ಎರಡೂ ಮುಂಗೈ ಎದೆಯ ಮುಂದೆ ಅಡ್ಡಡ್ಡ ಹಿಡಿದರೆ ಅಬ್‌ಸ್ಟ್ರಕ್ಷನ್, ಅಂದರೆ ಮೈ ಅಡ್ಡ ಕೊಟ್ಟದ್ದು. ಆದರೆ ಆ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ಯಾವನೋ ಆಟಗಾರನ ಬೆವರಿದ ಮುಖದ ಮೇಲಿರುತ್ತದೆ. ಆಗ ನಮಗೆ ಇರುವುದು ಕಾಮೆಂಟೇಟರ್ ಒಬ್ಬರೇ.

ನಮ್ಮ ಗುಂಪಿನಲ್ಲಿ ಕೊಡಗಿನ ಅಂಕಲ್ ಒಬ್ಬರಿದ್ದಾರೆ. ಪ್ರಾಯದಲ್ಲಿ ಇಲಾಖೆಯ ತಂಡಕ್ಕೆ ಹಾಫ್ ಬ್ಯಾಕ್ ಆಡಿದವರು. ಸೀಟಿ ಕೇಳುವ ಮೊದಲೇ "ಫೂಟ್" ಅನ್ನುತ್ತಾರೆ. ಬಾಯಲ್ಲಿ ಕೋಡುಬಳೆ ಇದ್ದರೂ ಅನ್ನುತ್ತಾರೆ. ಟಿವಿಯಲ್ಲಿ ಮಾತಾಡುವವರು ಇವರಿಗಿಂತ ಎಷ್ಟು ಹಿಂದೆ ಇದ್ದಾರೆ ಅನ್ನುವುದೇ ನಮ್ಮ ಅಳತೆ.

ಎಲ್ಲರೂ ಜಸ್ದೇವ್ ಸಿಂಗ್ ಹೆಸರೇ ಹೇಳುತ್ತಾರಲ್ಲ, ಅಷ್ಟು ದೊಡ್ಡವರಾ?

ಹೌದು. ಇದರಲ್ಲಿ ನಮ್ಮಲ್ಲಿ ಜಗಳವೇ ಇಲ್ಲ, ಅದೇ ಆಶ್ಚರ್ಯ.

ಜಸ್ದೇವ್ ಸಿಂಗ್ ಆಕಾಶವಾಣಿಯವರು, ಆಮೇಲೆ ದೂರದರ್ಶನದಲ್ಲೂ ಅವರದೇ ದನಿ. 9 ಒಲಿಂಪಿಕ್ಸ್, 8 ಹಾಕಿ ವಿಶ್ವಕಪ್, 6 ಏಷ್ಯನ್ ಗೇಮ್ಸ್ ಅವರ ಲೆಕ್ಕ. ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವದ ನೇರ ಪ್ರಸಾರಕ್ಕೂ ಅವರೇ. 1985ರಲ್ಲಿ ಪದ್ಮಶ್ರೀ, 2008ರಲ್ಲಿ ಪದ್ಮಭೂಷಣ ಬಂತು. 2018ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಗಾಂಧೀಜಿ ಅಂತಿಮಯಾತ್ರೆಗೆ ಮೆಲ್ವಿಲ್ ಡಿ ಮೆಲ್ಲೊ ಕೊಟ್ಟ ಕಾಮೆಂಟರಿ ರೇಡಿಯೋದಲ್ಲಿ ಕೇಳಿ ಅವರಿಗೆ ಈ ಕೆಲಸದ ಆಸೆ ಹುಟ್ಟಿತಂತೆ.

1975ರ ವಿಶ್ವಕಪ್ ಫೈನಲ್. ಕ್ವಾಲಾಲಂಪುರ, ಎದುರಿಗೆ ಪಾಕಿಸ್ತಾನ, ನಾವು 2-1. ಸುರ್ಜಿತ್ ಸಿಂಗ್ ಒಂದು, ಅಶೋಕ್ ಕುಮಾರ್ ಇನ್ನೊಂದು. ಆ ತಂಡದಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಅವತ್ತು ಇಲ್ಲಿ ಯಾರೂ ಟಿವಿಯಲ್ಲಿ ನೋಡಿಲ್ಲ, ರೇಡಿಯೋಗೆ ಕಿವಿ ಕೊಟ್ಟು ಕೂತಿದ್ದರು. ಹಿಂದಿ ಅರ್ಧಂಬರ್ಧ ಬರುವ ಮನೆಗಳಲ್ಲೂ ಆಟ ಅರ್ಥವಾಯಿತು ಅಂತ ದೊಡ್ಡವರು ಈಗಲೂ ಹೇಳುತ್ತಾರೆ. ಕಾರಣ ಸರಳ. ಚೆಂಡು ಯಾರ ಹತ್ತಿರ ಇದೆ, ಯಾವ ಕಡೆ ಹೋಗುತ್ತಿದೆ, ಎಷ್ಟು ಹತ್ತಿರ ಬಂತು, ಈ ಮೂರನ್ನೂ ಅವರ ದನಿಯ ವೇಗವೇ ಹೇಳುತ್ತಿತ್ತು. ಚೆಂಡು ಡಿ ಹತ್ತಿರ ಬಂದ ಹಾಗೆ ಮಾತು ಓಡುತ್ತಿತ್ತು, ವಾಪಸ್ ಹೋದರೆ ಇಳಿಯುತ್ತಿತ್ತು.

ಒಂದು ಮಾತು ಮಾತ್ರ ಸೇರಿಸುತ್ತೇನೆ. ಅದು ರೇಡಿಯೋ ಕಲೆ. ಕಣ್ಣಿಲ್ಲದ ಕಡೆ ಕಣ್ಣು ಕೊಡುವುದು. ಟಿವಿಯಲ್ಲಿ ಚಿತ್ರ ಆಗಲೇ ಇರುತ್ತದೆ. ಇವತ್ತಿನವರನ್ನು ಅವರ ಜೊತೆ ತೂಗಿ "ಇವರು ಏನೂ ಅಲ್ಲ" ಅನ್ನುವುದು ಅನ್ಯಾಯ.

ಈಗ ಹಿಂದಿಯಲ್ಲಿ ಯಾರು ಚೆನ್ನಾಗಿ ಮಾಡುತ್ತಾರೆ?

ನಮ್ಮ ಹಾಲಿನಲ್ಲಿ ವೋಟ್ ಹಾಕಿಸಿದರೆ ಸುನಿಲ್ ತನೇಜಾ ಗೆಲ್ಲುತ್ತಾರೆ. ಟೋಕಿಯೊ ಒಲಿಂಪಿಕ್ಸ್ ಅವರನ್ನು ಮನೆಮಾತು ಮಾಡಿತು.

2021ರ ಆಗಸ್ಟ್ 5, ಬೆಳಿಗ್ಗೆ ಏಳಕ್ಕೆ ಶುರುವಾದ ಮ್ಯಾಚ್. ಕಂಚಿಗಾಗಿ ಜರ್ಮನಿ ಜೊತೆ. 1-3ರಲ್ಲಿ ಹಿಂದಿದ್ದ ನಮ್ಮವರು 5-4ಕ್ಕೆ ಬಂದರು. ಇನ್ನು ಆರು ಸೆಕೆಂಡ್ ಚಿಲ್ಲರೆ ಇದೆ ಅನ್ನುವಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಗೋಲ್ ಅವಕಾಶ. ನಮ್ಮ ಗೋಲ್‌ಕೀಪರ್ ಶ್ರೀಜೇಶ್ ತಡೆದರು. 1980ರ ಮಾಸ್ಕೊ ಚಿನ್ನ ಆದಮೇಲೆ 41 ವರ್ಷಕ್ಕೆ ಮೊದಲ ಪದಕ. ಆ ಹೊತ್ತಿನಲ್ಲಿ ಯಾರೇ ಆಗಲಿ ದನಿ ಒಡೆಯದೆ ಮಾತಾಡಲು ಆಗುತ್ತಿರಲಿಲ್ಲ. ತನೇಜಾ ಅವರ ಒಳ್ಳೆಯ ಗುಣ ಅಂದರೆ ಅವರು ಆಟ ಓದಿಕೊಂಡು ಬರುತ್ತಾರೆ. ಹುಡುಗರ ಹೆಸರು, ಊರು, ಯಾರು ಯಾವ ಜಾಗದಲ್ಲಿ ಆಡುತ್ತಾರೆ ಎಲ್ಲ ಬಾಯಲ್ಲಿರುತ್ತದೆ. ದೂರು ಏನೆಂದರೆ ದನಿ ಬೇಗ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ, ಮೊದಲ ಕ್ವಾರ್ಟರಿನ ಸಾದಾ ಪಾಸಿಗೂ ಕೊನೆ ನಿಮಿಷದ ಗೋಲಿಗೂ ವ್ಯತ್ಯಾಸ ಕಮ್ಮಿ. ನಮ್ಮ ಅಂಕಲ್ ಟಿವಿ ಸೌಂಡ್ ಎರಡು ಪಾಯಿಂಟ್ ಇಳಿಸಿ ಕೇಳುತ್ತಾರೆ. ಹುಡುಗರು ಅದನ್ನು ಮತ್ತೆ ಏರಿಸುತ್ತಾರೆ.

ಇಂಗ್ಲಿಷಿನಲ್ಲಿ?

ನಿಕ್ ಇರ್ವಿನ್ ಮತ್ತು ಸೈಮನ್ ಮೇಸನ್. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ವರ್ಷಗಳಿಂದ ಕೇಳುತ್ತಿರುವ ದನಿಗಳು.

ಮೇಸನ್ ಬ್ರಿಟನ್ನಿನ ಮಾಜಿ ಗೋಲ್‌ಕೀಪರ್, ಒಲಿಂಪಿಕ್ಸ್ ಆಡಿದವರು. ಅದು ಅವರ ಮಾತಿನಲ್ಲಿ ಕಾಣುತ್ತದೆ. ಗೋಲ್ ಆದ ತಕ್ಷಣ ಎಲ್ಲರೂ ಹೊಡೆದವನನ್ನು ಹೊಗಳುವಾಗ ಅವರ ಕಣ್ಣು ಕೀಪರ್ ಮೇಲಿರುತ್ತದೆ. ಕೀಪರ್ ಒಂದು ಹೆಜ್ಜೆ ಬೇಗ ಮುಂದೆ ಬಂದನಾ, ಮುಂದೆ ನಿಂತ ಡಿಫೆಂಡರ್ ಅವನಿಗೆ ಚೆಂಡೇ ಕಾಣದ ಹಾಗೆ ಮಾಡಿದನಾ, ಇಂಥದ್ದನ್ನು ಹೇಳುತ್ತಾರೆ. ಶ್ರೀಜೇಶ್ ಯಾಕೆ ದೊಡ್ಡ ಕೀಪರ್ ಅಂತ ಕ್ರಿಕೆಟ್ ಅಭಿಮಾನಿ ಗೆಳೆಯನಿಗೆ ಅರ್ಥ ಮಾಡಿಸಬೇಕಾದರೆ ಸುಮ್ನೆ ಅಂಥ ಒಂದು ರೀಪ್ಲೇ ತೋರಿಸಿ, ಸಾಕು.

ಇರ್ವಿನ್ ಅವರ ಬಲ ಶಾಂತಿ. ಬೇಕಾದಾಗ ಬಾಯಿ ಮುಚ್ಚಿಕೊಂಡು ಸ್ಟೇಡಿಯಂ ಸದ್ದು ಕೇಳಲು ಬಿಡುತ್ತಾರೆ. ಟಿವಿ ಕಾಮೆಂಟೇಟರಿಗೆ ಇದಕ್ಕಿಂತ ದೊಡ್ಡ ವಿದ್ಯೆ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ಕೆಲವರಿಗೆ ಈ ಜೋಡಿ ಸಪ್ಪೆ. ಇಂಡಿಯಾ ಗೋಲ್ ಹೊಡೆದಾಗ ಇವರು ಕುಣಿಯುವುದಿಲ್ಲ ಅಂತ ಕೋಪ. ಅವರು ಯಾಕೆ ಕುಣಿಯಬೇಕು ಹೇಳಿ?

ಮಾಜಿ ಆಟಗಾರರು ಕೂತರೆ ತಾನಾಗಿಯೇ ಚೆನ್ನಾಗಿರುತ್ತದೆ ಅಲ್ವಾ?

ಇಲ್ಲ. ಆಡುವುದು ಬೇರೆ, ಹೇಳುವುದು ಬೇರೆ. ಆದರೆ ಜಗಬೀರ್ ಸಿಂಗ್ ಅಂಥವರು ಕೂತಾಗ ಕೇಳುವುದಕ್ಕೆ ಏನೋ ಸಿಗುತ್ತದೆ. ಎರಡು ಒಲಿಂಪಿಕ್ಸ್ ಆಡಿದ ಫಾರ್ವರ್ಡ್. ಡಿ ಒಳಗೆ ಚೆಂಡು ಸಿಕ್ಕವನು ಆ ಅರ್ಧ ಸೆಕೆಂಡಿನಲ್ಲಿ ಏನು ನೋಡುತ್ತಾನೆ ಅನ್ನುವುದು ಅಲ್ಲಿ ನಿಂತವರಿಗೇ ಗೊತ್ತು.

ತೊಂದರೆ ಎಲ್ಲಿ ಅಂದರೆ, ಕೆಲವು ಮಾಜಿಗಳು ಈಗಿನ ನಿಯಮ ಓದಿಕೊಂಡು ಬರುವುದಿಲ್ಲ. ಇವರು ಆಡುವಾಗ ಆಫ್‌ಸೈಡ್ ಇತ್ತು, ಎರಡು ಹಾಫ್ ಇತ್ತು. ಆಫ್‌ಸೈಡ್ ಹೋಗಿ ಕಾಲವಾಯಿತು. ಫ್ರೀ ಹಿಟ್ಟನ್ನು ತಾನೇ ತಳ್ಳಿಕೊಂಡು ಓಡುವ ಸೆಲ್ಫ್ ಪಾಸ್ 2009ರಲ್ಲಿ ಬಂತು. 2014ರಿಂದ ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್. "ನಮ್ಮ ಕಾಲದಲ್ಲಿ ಡ್ರಿಬ್ಲಿಂಗ್ ಅಂದರೆ..." ಅಂತ ಶುರು ಮಾಡಿದರೆ ಮುಗಿಯಿತು, ಅಷ್ಟರಲ್ಲಿ ಎದುರಾಳಿ ಎರಡು ಸಲ ಡಿ ಒಳಗೆ ಬಂದು ಹೋಗಿರುತ್ತಾನೆ.

ಹಾಗಾದರೆ ಅತಿ ಕೆಟ್ಟ ಕಾಮೆಂಟೇಟರ್ ಯಾರು? ಹೆಸರು ಹೇಳಿ.

ಹೆಸರು ಹೇಳುವುದಿಲ್ಲ. ಕೆಟ್ಟ ದಿನ ಎಲ್ಲರಿಗೂ ಇರುತ್ತದೆ. ಆದರೆ ಕೆಟ್ಟ ಚಾಳಿ ಯಾವುವು ಅಂತ ಬಿಚ್ಚಿ ಹೇಳಬಹುದು.

ಮೊದಲನೆಯದು ಇತಿಹಾಸದ ಪಾಠ. ಒಲಿಂಪಿಕ್ಸಿನಲ್ಲಿ ಎಂಟು ಚಿನ್ನ, ಧ್ಯಾನ್ ಚಂದ್, 1928, ಆ ಸುವರ್ಣ ಯುಗ. ಎಲ್ಲ ನಿಜ, ಎಲ್ಲ ಹೆಮ್ಮೆಯೇ. ಆದರೆ ಎದುರಾಳಿ ಕೌಂಟರ್ ಅಟ್ಯಾಕಿಗೆ ಹೊರಟಾಗಲೂ ಅದನ್ನೇ ಹೇಳುತ್ತಾ ಕೂತರೆ? ಬಡಿಸುವವನು ಎಲೆಯ ಮುಂದೆ ಬಕೆಟ್ ಹಿಡಿದು ನಿಂತು ಅಡುಗೆ ಭಟ್ಟರ ವಂಶಾವಳಿ ಹೇಳಿದ ಹಾಗೆ. ಹಸಿವಾಗಿದೆ ಸ್ವಾಮಿ, ಮೊದಲು ಬಡಿಸಿ.

ಎರಡನೆಯದು ಎಲ್ಲದಕ್ಕೂ "ಅದ್ಭುತ". ಬಂದ ಚೆಂಡನ್ನು ಸ್ಟಿಕ್ಕಿನಲ್ಲಿ ನಿಲ್ಲಿಸುವ ಸಾದಾ ಟ್ರ್ಯಾಪ್ ಅದ್ಭುತ, ಸಾದಾ ಪಾಸ್ ಅದ್ಭುತ. ಆಮೇಲೆ ನಿಜವಾಗಲೂ ಒಬ್ಬ ಮೂವತ್ತು ಗಜದಿಂದ ಎತ್ತಿ ಹಾಕಿದ ಏರಿಯಲ್ಲನ್ನು ಇನ್ನೊಬ್ಬ ಓಡುತ್ತಲೇ ಸ್ಟಿಕ್ಕಿನಲ್ಲಿ ಇಳಿಸಿಕೊಂಡರೆ ಹೇಳಲು ಮಾತೇ ಉಳಿದಿರುವುದಿಲ್ಲ.

ಮೂರನೆಯವರು ಕ್ರಿಕೆಟ್ಟಿನಿಂದ ಬಂದವರು. ಅಲ್ಲಿ ಪ್ರತಿ ಚೆಂಡಿಗೂ ನಡುವೆ ಸಮಯ ಇರುತ್ತದೆ. ಕಥೆ ಹೇಳಬಹುದು, ಜೋಕ್ ಮಾಡಬಹುದು, ಜಾಹೀರಾತು ಓದಬಹುದು. ಹಾಕಿಯಲ್ಲಿ ಆ ಪುರುಸೊತ್ತು ಇಲ್ಲ. ಇವರ ವಾಕ್ಯ ಮುಗಿಯುವ ಹೊತ್ತಿಗೆ ಚೆಂಡು ಮೈದಾನದ ಇನ್ನೊಂದು ತುದಿಯಲ್ಲಿರುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಪೆನಾಲ್ಟಿ ಕಾರ್ನರ್ ಹೊತ್ತಿನಲ್ಲಿ ಏನೂ ಹೇಳದೆ ಇರುವುದು. ಇದಕ್ಕೆ ಬೇರೆ ಪ್ರಶ್ನೆಯೇ ಬೇಕು.

ಪೆನಾಲ್ಟಿ ಕಾರ್ನರ್ ಸಮಯದಲ್ಲಿ ಒಳ್ಳೆ ಕಾಮೆಂಟೇಟರ್ ಏನು ಹೇಳಬೇಕು?

ಹಾಕಿ ಕಾಮೆಂಟೇಟರಿಗೆ ಸಿಗುವ ಒಂದೇ ಒಂದು ಬಿಡುವು ಇದು. ಪಿಸಿ (ಪೆನಾಲ್ಟಿ ಕಾರ್ನರ್) ಕೊಟ್ಟ ಕೂಡಲೇ ಗಡಿಯಾರ ನಿಲ್ಲುತ್ತದೆ, ತಯಾರಾಗಲು 40 ಸೆಕೆಂಡ್. ಕಾಪಾಡುವವರಲ್ಲಿ ಕೀಪರ್ ಸೇರಿ ಐದೇ ಜನ ಗೋಲ್ ಗೆರೆಯ ಹಿಂದೆ, ಉಳಿದವರೆಲ್ಲ ಮಧ್ಯದ ಗೆರೆಯಿಂದ ಆಚೆ. ಮುಖಕ್ಕೆ ಮಾಸ್ಕ್ ಹಾಕಿಕೊಳ್ಳುತ್ತಾರೆ. ಈ 40 ಸೆಕೆಂಡಿನಲ್ಲಿ ಹೇಳಬೇಕಾದ್ದು ಬೇಕಾದಷ್ಟಿದೆ.

ಚೆಂಡು ತಳ್ಳುವವನು ಯಾರು? ಡಿ ತುದಿಯಲ್ಲಿ ಗೋಲಿಗೆ ಚೆಂಡು ಎಸೆಯುವ ಫ್ಲಿಕ್ಕರ್ ಒಬ್ಬನಾ ಇಬ್ಬರಾ? ನಮ್ಮ ಫ್ಲಿಕ್ಕರ್ ಹರ್ಮನ್‌ಪ್ರೀತ್ ನಿಂತಿದ್ದಾರಾ, ಇಲ್ಲ ಬೆಂಚಿನಲ್ಲಿ ಇದ್ದಾರಾ? ಮೊದಲು ನುಗ್ಗಿ ಬರುವ ರಷರ್ ಯಾರು? ನೇರ ಹಿಟ್ ಆದರೆ ಚೆಂಡು ಗೋಲ್ ಗೆರೆ ದಾಟುವಾಗ 460 ಮಿಲಿಮೀಟರಿಗಿಂತ ಮೇಲಿರಬಾರದು, ಅಂದರೆ ಗೋಲ್ ಒಳಗೆ ಕೆಳಗಿರುವ ಹಲಗೆಯ ಎತ್ತರ. ಚೆಂಡನ್ನು ಹೊಡೆಯದೆ ಸ್ಟಿಕ್ಕಿನಲ್ಲಿ ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್‌ಗೆ ಆ ಮಿತಿ ಇಲ್ಲ. ಅದಕ್ಕೇ ಎಲ್ಲರೂ ಫ್ಲಿಕ್ ಮಾಡುವುದು. ಇಷ್ಟು ಹೇಳಿದರೆ ಹಾಕಿ ಗೊತ್ತಿಲ್ಲದ ಅತ್ತೆ ಕೂಡ ಸೋಫಾದ ತುದಿಗೆ ಬಂದು ಕೂರುತ್ತಾರೆ. ನೋಡಿದ್ದೇನೆ.

ರಷರ್ ಅಂದೆ. ಅಮಿತ್ ರೋಹಿದಾಸ್ ಅವರನ್ನೇ ತೆಗೆದುಕೊಳ್ಳಿ. ನೂರು ಕಿಲೋಮೀಟರ್ ದಾಟುವ ವೇಗದಲ್ಲಿ ಬರುವ ಚೆಂಡಿಗೆ ಎದುರಾಗಿ ಓಡುವ ಕೆಲಸ. ಗೋಲ್ ತಡೆದದ್ದು ಕೀಪರ್ ಲೆಕ್ಕಕ್ಕೆ ಹೋಗುತ್ತದೆ, ಅದಕ್ಕೂ ಮೊದಲು ಫ್ಲಿಕ್ಕರನ ಜಾಗ ಕಿತ್ತುಕೊಂಡವನು ಯಾರ ಕಣ್ಣಿಗೂ ಬೀಳುವುದಿಲ್ಲ. ಅವನ ಹೆಸರು ಹೇಳುವ ಕಾಮೆಂಟೇಟರಿಗೆ ನನ್ನ ಕಡೆಯಿಂದ ಒಂದು ಫಿಲ್ಟರ್ ಕಾಫಿ.

ಆಟಗಾರರ ಹೆಸರನ್ನು ಇಷ್ಟು ತಪ್ಪು ಹೇಳುತ್ತಾರಲ್ಲ, ಯಾಕೆ?

ಸ್ವಲ್ಪ ಕರುಣೆ ಇರಲಿ. ಎಷ್ಟೋ ಸಲ ಕಾಮೆಂಟೇಟರ್ ಮೈದಾನದಲ್ಲೇ ಇರುವುದಿಲ್ಲ. ಯಾವುದೋ ಊರಿನ ಸ್ಟುಡಿಯೋದಲ್ಲಿ ಕೂತು, ನಾವು ನೋಡುವ ಚಿತ್ರವನ್ನೇ ನೋಡುತ್ತಾ ಮಾತಾಡುತ್ತಾರೆ. ಫ್ರೇಮಿನಿಂದ ಆಚೆ ಏನಾಗುತ್ತಿದೆ ಅಂತ ಅವರಿಗೂ ಕಾಣುವುದಿಲ್ಲ. ಜೊತೆಗೆ ಹಾಕಿಯಲ್ಲಿ ಬದಲಿ ಆಟಗಾರರು ಯಾವಾಗ ಬೇಕಾದರೂ ಒಳಗೆ ಬರಬಹುದು, ಹೊರಗೆ ಹೋಗಬಹುದು. ಆಟ ನಿಲ್ಲಿಸಬೇಕಿಲ್ಲ. ಐದು ನಿಮಿಷದ ಹಿಂದೆ ಇದ್ದ ಹನ್ನೊಂದು ಜನ ಈಗ ಇಲ್ಲ.

ಇನ್ನು ಟೋಕಿಯೊ ತಂಡ ನೆನಪಿಸಿಕೊಳ್ಳಿ. ಮನ್‌ಪ್ರೀತ್, ಹರ್ಮನ್‌ಪ್ರೀತ್, ಮನ್‌ದೀಪ್, ಸಿಮ್ರನ್‌ಜೀತ್, ಗುರ್ಜಂತ್. ಬೇಗ ಬೇಗ ಹೇಳಿ ನೋಡಿ, ನಿಮ್ಮ ನಾಲಿಗೆಯೂ ತೊಡರುತ್ತದೆ.

ಕರುಣೆ ಇಲ್ಲದ್ದು ನಮ್ಮ ಕಡೆಯ ಹೆಸರುಗಳ ವಿಷಯಕ್ಕೆ. ಎಸ್.ವಿ. ಸುನಿಲ್ ಸೋಮವಾರಪೇಟೆಯ ಹುಡುಗ, ಬಲಗಡೆಯಿಂದ ಗಾಳಿ ಥರ ಓಡುತ್ತಿದ್ದರು. ವಿ.ಆರ್. ರಘುನಾಥ್ ಡ್ರ್ಯಾಗ್ ಫ್ಲಿಕ್, ಅರ್ಜುನ್ ಹಾಲಪ್ಪ ಮಿಡ್‌ಫೀಲ್ಡ್. ಇವರ ಊರಿನ ಹೆಸರು, ಮನೆಯ ಹೆಸರು ಹೇಳುವಾಗ ಉತ್ತರದ ಕಾಮೆಂಟೇಟರುಗಳು ಸುಮ್ನೆ ಉಗುಳು ನುಂಗಿ ಮುಂದೆ ಹೋಗಿಬಿಡುತ್ತಿದ್ದರು. ಒಂದು ಫೋನ್ ಮಾಡಿ ಕೇಳಿದ್ದರೆ ಸಾಕಾಗಿತ್ತು. ಮೈಸೂರಿನ ಕೊಡವರ ಮನೆಗಳಲ್ಲಿ ಈ ಬೇಸರ ಇನ್ನೂ ಇದೆ.

ಇಂಡಿಯಾ ಕಡೆ ವಾಲಿ ಮಾತಾಡುವುದು ಸರಿಯಾ?

ಖುಷಿ ಪಡಲಿ, ತಪ್ಪಿಲ್ಲ. ಸುಳ್ಳು ಹೇಳಬಾರದು, ಅಷ್ಟೇ.

ಪ್ಯಾರಿಸ್ ಒಲಿಂಪಿಕ್ಸ್, 2024ರ ಆಗಸ್ಟ್ 4, ಬ್ರಿಟನ್ ಜೊತೆ ಕ್ವಾರ್ಟರ್ ಫೈನಲ್. 17ನೇ ನಿಮಿಷಕ್ಕೆ ರೋಹಿದಾಸ್‌ಗೆ ಕೆಂಪು ಕಾರ್ಡ್. ಸ್ಟಿಕ್ ಎದುರಾಳಿಯ ಮುಖಕ್ಕೆ ತಾಗಿತ್ತು, ವಿಡಿಯೋ ನೋಡಿದ ಮೇಲೆ ಹೊರಗೆ ಕಳಿಸಿದರು. ಇನ್ನುಳಿದ ಆಟವೆಲ್ಲ ಹತ್ತೇ ಜನ. ಆ ಕಾರ್ಡ್ ನ್ಯಾಯವೇ ಅಲ್ಲವೇ ಅಂತ ನಮ್ಮಲ್ಲಿ ಈಗಲೂ ಎರಡು ಬಣ ಇದೆ. ಬೇಕಂತಲೇ ಬೀಸಿದ್ದಲ್ಲ ಅಂತ ಒಂದು ಬಣ, ಬೇಕಂತಲೋ ಅಲ್ಲವೋ ಮುಖಕ್ಕೆ ಬಿತ್ತಲ್ಲ ಅಂತ ಇನ್ನೊಂದು. ಇಂಥ ಕಡೆ ಕಾಮೆಂಟೇಟರ್ "ಮೋಸ" ಅಂತ ಕೂಗಿದರೆ ನೋಡುವವರಿಗೆ ಏನೂ ತಿಳಿಯುವುದಿಲ್ಲ. ವಿಡಿಯೋ ಅಂಪೈರ್ ಏನನ್ನು ನೋಡುತ್ತಿದ್ದಾರೆ, ಹಸಿರು ಅಂದರೆ ಎರಡು ನಿಮಿಷ, ಹಳದಿ ಅಂದರೆ ಕಡೇ ಪಕ್ಷ ಐದು, ಕೆಂಪು ಅಂದರೆ ವಾಪಸ್ ಇಲ್ಲ, ಇಷ್ಟು ಹೇಳಿ. ಬೈಯುವ ಕೆಲಸ ನಾವು ಮಾಡಿಕೊಳ್ಳುತ್ತೇವೆ.

ಆ ಮ್ಯಾಚ್ 1-1 ಆಗಿ ಶೂಟೌಟಿನಲ್ಲಿ 4-2ರಿಂದ ಗೆದ್ದೆವು. ನಾಲ್ಕು ದಿನ ಬಿಟ್ಟು ಸ್ಪೇನ್ ಮೇಲೆ 2-1, ಮತ್ತೆ ಕಂಚು. ಅದೇ ಶ್ರೀಜೇಶ್ ಅವರ ಕೊನೆಯ ಮ್ಯಾಚ್.

ಶೂಟೌಟ್ ಹೇಳುವುದು ಸುಲಭ ಅಲ್ವಾ? ಒಬ್ಬ ಓಡುತ್ತಾನೆ, ಒಬ್ಬ ತಡೆಯುತ್ತಾನೆ.

ಸುಲಭ ಅಂದುಕೊಂಡವರೇ ಜಾರಿ ಬೀಳುವುದು. 23 ಮೀಟರ್ ಗೆರೆಯಿಂದ ಹೊರಟು 8 ಸೆಕೆಂಡಿನಲ್ಲಿ ಮುಗಿಸಬೇಕು. ಹಾಗಾಗಿ ಚೆಂಡಿನ ಜೊತೆ ಗಡಿಯಾರವನ್ನೂ ನೋಡಬೇಕು.

2018ರ ಡಿಸೆಂಬರಿನಲ್ಲಿ ಭುವನೇಶ್ವರದ ವಿಶ್ವಕಪ್ ಫೈನಲ್. ಬೆಲ್ಜಿಯಂ, ನೆದರ್ಲೆಂಡ್ಸ್, 0-0. ಶೂಟೌಟಿನಲ್ಲಿ ಬೆಲ್ಜಿಯಂನವರು ಗೆದ್ದೆವು ಅಂತ ಕುಣಿದಾಡಿಬಿಟ್ಟರು. ವಿಡಿಯೋದಲ್ಲಿ ನೋಡಿದರೆ ಚೆಂಡು ಕಾಲಿಗೆ ತಾಗಿದೆ, ಗೋಲ್ ಇಲ್ಲ. ಮತ್ತೆ ಬಂದು ಸಾಲಿನಲ್ಲಿ ನಿಂತು, ಶೂಟೌಟ್ ಮುಂದುವರಿಸಿ, ಆಮೇಲೆ ನಿಜವಾಗಲೂ ಗೆದ್ದರು. ಆ ಫೈನಲ್ ನೋಡಿದವರಿಗೆ ಒಂದು ಅಭ್ಯಾಸ ಬಂದಿದೆ. ಯಾರು ಎಷ್ಟೇ ಕೂಗಲಿ, ಮೊದಲು ಅಂಪೈರ್ ಕೈ ನೋಡುವುದು.

ಮಹಿಳಾ ಹಾಕಿಗೆ ಕಾಮೆಂಟರಿ ಹೇಗಿದೆ?

ಹೋಮ್‌ವರ್ಕ್ ಕಮ್ಮಿ. ನೇರವಾಗಿ ಹೇಳುತ್ತೇನೆ. ಹುಡುಗಿಯರ ಬಡತನದ ಕಥೆ ಗೊತ್ತಿರುತ್ತದೆ, ಅವರು ಆಡುವ ಜಾಗ ಗೊತ್ತಿರುವುದಿಲ್ಲ. ಮನೆಯಲ್ಲಿ ಟಿವಿ ಇರಲಿಲ್ಲ, ಶೂ ಇರಲಿಲ್ಲ ಅಂತ ಹತ್ತು ಸಲ. ಆ ಹುಡುಗಿ ಇವತ್ತು ಎಡಗಡೆಯಿಂದ ಯಾಕೆ ಆಡುತ್ತಿದ್ದಾಳೆ ಅಂತ ಒಂದು ಸಲವೂ ಇಲ್ಲ.

2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಸೆಮಿಫೈನಲ್ ಮರೆಯುವ ಹಾಗಿಲ್ಲ. ಆಸ್ಟ್ರೇಲಿಯಾ ಜೊತೆ ಶೂಟೌಟ್. ಮೊದಲ ಪ್ರಯತ್ನವನ್ನು ನಮ್ಮ ಗೋಲ್‌ಕೀಪರ್ ಸವಿತಾ ತಡೆದರು. ಆಮೇಲೆ ನೋಡಿದರೆ ಗಡಿಯಾರ ಶುರುವೇ ಆಗಿರಲಿಲ್ಲವಂತೆ, ಮತ್ತೆ ಹೊಡೆಯಿರಿ ಅಂದರು. ಈ ಸಲ ಗೋಲ್. ಶೂಟೌಟ್ 3-0ರಿಂದ ಹೋಯಿತು, ಅಂತರರಾಷ್ಟ್ರೀಯ ಫೆಡರೇಷನ್ ಕ್ಷಮೆ ಕೇಳಿತು. ನಮ್ಮ ಹಾಲಿನಲ್ಲಿ ಅವತ್ತು ಒಂದೇ ಪ್ರಶ್ನೆ: ಏನಾಯಿತು? ಪರದೆ ಮೇಲೆ ಗಡಿಯಾರ ಓಡುತ್ತಿದೆಯಾ ಅಂತ ಕಣ್ಣಿಡುವ ಒಬ್ಬ ಕಾಮೆಂಟೇಟರ್ ಎಷ್ಟು ಬೆಲೆ ಬಾಳುತ್ತಾನೆ ಅಂತ ಗೊತ್ತಾಗುವುದು ಇಂಥ ದಿನ.

ಕನ್ನಡದಲ್ಲಿ ಯಾಕೆ ಹಾಕಿ ಕಾಮೆಂಟರಿ ಬರುವುದಿಲ್ಲ?

ಮಂಡ್ಯದ ಗೆಳೆಯ ಪ್ರತಿ ಸಲ ಕೇಳುವ ಪ್ರಶ್ನೆ ಇದು. ಕೇಳುವುದು ಕೂಡ ಜೋರಾಗಿ.

ಐಪಿಎಲ್‌ಗೆ ಕನ್ನಡ ಇದೆ. ವಿಜಯ್ ಭಾರದ್ವಾಜ್ ಅವರ ಮಾತು ಕೇಳಲಿಕ್ಕೇ ಕನ್ನಡ ಚಾನೆಲ್ ಹಾಕುವ ಮನೆಗಳಿವೆ. ಪ್ರೊ ಕಬಡ್ಡಿಗೂ ಕನ್ನಡ ಇದೆ. ಹಾಕಿಗೆ ಮಾತ್ರ ಹಿಂದಿ, ಇಂಗ್ಲಿಷ್. ಪ್ಯಾರಿಸ್ ಒಲಿಂಪಿಕ್ಸ್ ತಮಿಳು, ತೆಲುಗಿನಲ್ಲೂ ಬಂತು. ಲೆಕ್ಕ ದುಡ್ಡಿನದು ಅಂತ ಎಲ್ಲರಿಗೂ ಗೊತ್ತು. ಜಾಹೀರಾತು ಕೊಡುವವನು ಇದ್ದರೆ ಭಾಷೆ ತಾನಾಗಿ ಬರುತ್ತದೆ. ಹಾಕಿ ಇಂಡಿಯಾ ಲೀಗಿನಲ್ಲಿ ತಮಿಳುನಾಡು, ಹೈದರಾಬಾದ್ ಹೆಸರಿನ ತಂಡ ಬಂತು, ನಮ್ಮ ರಾಜ್ಯದ ಹೆಸರಿನ ತಂಡ ಬರಲಿಲ್ಲ. ತಂಡವೇ ಇಲ್ಲದೆ ಕಾಮೆಂಟರಿ ಯಾರು ಕೊಡುತ್ತಾರೆ?

ಆದರೂ ಹೊಟ್ಟೆ ಉರಿಯುತ್ತದೆ. ಮಾತಾಡುವವರಿಗೆ ಬರ ಬಂದ ನಾಡೇನಲ್ಲ ಇದು. ದಸರಾ ಜಂಬೂ ಸವಾರಿ ದಿನ ಆಕಾಶವಾಣಿಯಲ್ಲಿ, ಚಂದನದಲ್ಲಿ ಗಂಟೆಗಟ್ಟಲೆ ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡುತ್ತಾರೆ. ಮಂಡ್ಯದ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿಗೆ ಮೈಕ್ ಹಿಡಿಯುವವರನ್ನು ಒಮ್ಮೆ ಕೇಳಿ. ರಾತ್ರಿ ಎರಡು ಗಂಟೆಗೂ ದನಿ ಬೀಳುವುದಿಲ್ಲ. ಕೊಡಗಿನಲ್ಲಿ ಕುಟುಂಬಗಳ ನಡುವೆ ಹಾಕಿ ಹಬ್ಬ 1997ರಲ್ಲಿ ಪಾಂಡಂಡ ಕುಟುಂಬದಿಂದ ಶುರುವಾಯಿತು. ಈಗ ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಆಡುತ್ತವೆ. ಅಲ್ಲಿ ಮೈಕ್ ಹಿಡಿದವರು ಯಾವ ಟಿವಿಯವರಿಗೂ ಕಮ್ಮಿ ಇಲ್ಲ.

ಕೆನಡಾದಲ್ಲಿ ಏನು ಮಾಡಿದರು ನೋಡಿ. ಅಲ್ಲಿ ಹಾಕಿ ಅಂದರೆ ಮಂಜುಗಡ್ಡೆಯ ಮೇಲಿನದು. 2008ರಲ್ಲಿ ಅವರ ದೊಡ್ಡ ಹಾಕಿ ಕಾರ್ಯಕ್ರಮ ಪಂಜಾಬಿಯಲ್ಲೂ ಶುರುವಾಯಿತು. ಹರ್‌ನಾರಾಯಣ್ ಸಿಂಗ್ ಅನ್ನುವ, ಅಲ್ಲೇ ಹುಟ್ಟಿ ಬೆಳೆದ ಸಿಖ್ ಯುವಕ ಅದರ ದನಿ. 2016ರ ಸ್ಟ್ಯಾನ್ಲಿ ಕಪ್ ಫೈನಲ್ ಮ್ಯಾಚ್ ಒಂದರಲ್ಲಿ ಪಿಟ್ಸ್‌ಬರ್ಗ್‌ನ ನಿಕ್ ಬೊನಿನೊ ಗೋಲ್ ಹೊಡೆದಾಗ ಇವರು ಉಸಿರು ಬಿಡದೆ "ಬೊನಿನೊ ಬೊನಿನೊ ಬೊನಿನೊ" ಅಂತ ಕೂಗಿದ್ದು ಪಂಜಾಬಿ ಬಾರದವರಿಗೂ ಹುಚ್ಚು ಹಿಡಿಸಿತು. ಮುಂದೆ ಅವರು ಇಂಗ್ಲಿಷ್ ಪ್ರಸಾರಕ್ಕೂ ಹೋದರು. ಅಷ್ಟು ದೂರದ ಮಂಜಿನ ಆಟಕ್ಕೆ ಪಂಜಾಬಿ ಸಿಕ್ಕಿತು. ಸೋಮವಾರಪೇಟೆಯ ಹುಡುಗ ಇಂಡಿಯಾಗೆ ಆಡುವಾಗ ನಮಗೆ ಕನ್ನಡ ಸಿಗಲಿಲ್ಲ.

ಐಸ್ ಹಾಕಿ ಕಾಮೆಂಟೇಟರುಗಳ ಬಗ್ಗೆ ಅಭಿಪ್ರಾಯ?

ನಾವು ಅದನ್ನು ನೋಡಿ ಬೆಳೆದವರಲ್ಲ. ಫಾಸ್ಟರ್ ಹ್ಯೂವಿಟ್ ಅಲ್ಲಿನ ಜಸ್ದೇವ್ ಸಿಂಗ್ ಅನ್ನಬಹುದು, ರೇಡಿಯೋ ಕಾಲದಿಂದ ಬಂದವರು. ಅಮೆರಿಕದ ಮೈಕ್ ಎಮ್ರಿಕ್ 2020ರಲ್ಲಿ ನಿವೃತ್ತರಾದರು. ಅವರ ಹಳೆಯ ಕ್ಲಿಪ್ ಹಾಕಿ ಕಣ್ಣು ಮುಚ್ಚಿ ಕೇಳಿ. ಪಕ್ (ಅಲ್ಲಿ ಚೆಂಡಿನ ಬದಲು ಇರುವ ಚಪ್ಪಟೆ ಬಿಲ್ಲೆ) ಒಬ್ಬನಿಂದ ಒಬ್ಬನಿಗೆ ಹೋಗುವುದನ್ನು ಪ್ರತಿ ಸಲ ಬೇರೆ ಕ್ರಿಯಾಪದದಲ್ಲಿ ಹೇಳುತ್ತಾರೆ. ನಮ್ಮವರು ಕಲಿಯಬೇಕಾದ್ದು ಅದನ್ನೇ.

ಮ್ಯೂಟ್ ಮಾಡಿ ನೋಡಿದರೆ ಹೇಗೆ?

ನಾವು ಮಾಡುತ್ತೇವೆ. ಸೌಂಡ್ ತೆಗೆದು ಮಂಡ್ಯದ ಗೆಳೆಯನ ಕೈಗೆ ಟಿವಿ ರಿಮೋಟ್ ಕೊಡುತ್ತೇವೆ, ಮೈಕ್ ಬದಲಿಗೆ. ಅವನು ಊರಿನ ಕಬಡ್ಡಿಗೆ ಮೈಕ್ ಹಿಡಿದವನು. "ಬಂದ ನೋಡಿ ಹಾರ್ದಿಕ್ಕು, ಒಬ್ಬನ್ನ ದಾಟ್ದ, ಇನ್ನೊಬ್ಬನ್ನ ದಾಟ್ದ, ಡಿ ಒಳಕ್ಕೆ ನುಗ್ಗೇಬುಟ್ಟ, ಅಯ್ಯಯ್ಯೋ ಅವನ ಕಾಲ್ಗೆ ತಗುಲ್ತು ಕಣ್ರಪ್ಪೋ, ಪಿಸಿ!" ಗಮನಿಸಿ, ಸೀಟಿ ಯಾಕೆ ಅಂತ ಹೇಳಿಬಿಟ್ಟ. ಪೆನಾಲ್ಟಿ ಕಾರ್ನರಿಗೆ ಹೊಸ ಹೆಸರು ಹುಡುಕುವ ತಾಪತ್ರಯವೂ ಇಲ್ಲ. ಅಂಕಲ್ ಅವನಿಗೆ ಪಾಸ್ ಮಾರ್ಕ್ಸ್ ಕೊಟ್ಟಿದ್ದಾರೆ. ಒಂದೇ ತಕರಾರು, ಎದುರಾಳಿಗಳ ಹೆಸರು ಒಂದೂ ಹೇಳುವುದಿಲ್ಲ. ಜರ್ಮನಿಯವರೆಲ್ಲ ಅವನಿಗೆ "ಆ ಉದ್ದುದ್ದನೆಯವನು".

ಮೊಬೈಲಿನಲ್ಲಿ ನೋಡಿದರೆ ಪಕ್ಕದ ಮನೆಯವರು ಮೊದಲೇ ಕೂಗಿಬಿಡುತ್ತಾರಲ್ಲ?

ಸ್ಟ್ರೀಮಿಂಗ್ ಯಾವಾಗಲೂ ಟಿವಿಗಿಂತ ಕೆಲವು ಸೆಕೆಂಡ್ ಹಿಂದೆ. ಪಿಸಿ ಹೊತ್ತಿನಲ್ಲಿ ಕಿಟಕಿ ಹಾಕಿಕೊಳ್ಳಿ.

ನನಗೂ ಹಾಕಿ ಕಾಮೆಂಟೇಟರ್ ಆಗಬೇಕು. ಎಲ್ಲಿಂದ ಶುರು ಮಾಡಲಿ?

ಮನೆಯಲ್ಲಿ ಕನ್ನಡಿ ಮುಂದೆ ಬೇಡ. ದಸರಾ ಕ್ರೀಡಾಕೂಟದ ಹಾಕಿ ಮ್ಯಾಚಿಗೆ ಹೋಗಿ. ಗುಂಪು ಕಮ್ಮಿ ಇರುತ್ತದೆ, ಎಲ್ಲಿ ಬೇಕಾದರೂ ಕೂರಬಹುದು. ಮಧ್ಯದ ಗೆರೆಗೆ ನೇರವಾಗಿ, ಆದಷ್ಟು ಎತ್ತರದಲ್ಲಿ ಕೂರಿ. ಎರಡೂ ತಂಡದವರ ನಂಬರ್ ಮತ್ತು ಹೆಸರನ್ನು ಮ್ಯಾನೇಜರ್ ಹತ್ತಿರ ಕೇಳಿ ಬರೆದುಕೊಳ್ಳಿ, ಕೇಳಿದರೆ ಖುಷಿಯಿಂದ ಕೊಡುತ್ತಾರೆ. ಫೋನಿನಲ್ಲಿ ರೆಕಾರ್ಡ್ ಹಾಕಿ ಒಂದು ಕ್ವಾರ್ಟರ್ ಪೂರ್ತಿ ಮಾತಾಡಿ. ಮೊದಮೊದಲು ಹೆಸರು ಮತ್ತು ದಿಕ್ಕು ಮಾತ್ರ ಹೇಳಿ, "ಅದ್ಭುತ" ಪೂರ್ತಿ ಬಂದ್. ಪ್ರತಿ ಸೀಟಿಗೂ ಕಾರಣ ಹೇಳಿ. ತಿಳಿಯದಿದ್ದರೆ ವಿರಾಮದಲ್ಲಿ ಅಂಪೈರ್ ಹತ್ತಿರ ಹೋಗಿ ಕೇಳಿ. "ಸಾರ್, ಆ ಎರಡನೇ ಪಿಸಿ ಯಾಕೆ ಕೊಟ್ರಿ?" ಅಂತ ಮರ್ಯಾದೆಯಿಂದ ಕೇಳಿದರೆ ನಿಂತು ಸ್ಟಿಕ್ ಹಿಡಿದು ತೋರಿಸುವವರಿದ್ದಾರೆ.